ಕುಮಟಾ ಬಸ್ಸಿನ ಅರ್ಚನಾ

ಅರ್ಚನಾಳನ್ನು ನೋಡಬೇಕಾದರೆ ಭಟ್ಕಳದಿಂದ ಕುಮಟಾಕ್ಕೆ ಹೊರಡುವ ಬೆಳಗಿನ ಬಸ್ಸು ಹತ್ತಬೇಕು. ಖಾಕಿ ಅಂಗಿ, ಕುತ್ತಿಗೆಗೆ ನೇತುಬಿಟ್ಟ ಟಿಕೆಟ್ ಮಶೀನು, ಬಿಗಿದು ಕಟ್ಟಿದ ತುರುಬು. ಎಷ್ಟೇ ಗಟ್ಟಿ ಬ್ರೇಕ್ ಬೀಳಲಿ, ಅವಳ ಕೈ ಕಂಬಿ ಹುಡುಕುವುದಿಲ್ಲ. ದೋಣಿಯಲ್ಲಿ ನಿಂತು ರೂಢಿಯಿದ್ದವರ ಕಾಲು ಅದು. "ಎಲ್ಲ ಬಾಗ್ಲಲ್ಲೇ ನಿಂತ್ರೆ ಹ್ಯಾಂಗೆ? ಮುಂದೆ ಹೋಗಿ, ಮುಂದೆ!" ಎಂದು ಅವಳು ಕೂಗಿದರೆ ಬಸ್‌ಸ್ಟ್ಯಾಂಡಿನ ಆಚೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೂ ಎದ್ದು ಬರುತ್ತಾರೆ. ಆ ಗಂಟಲು ಅಮ್ಮನಿಂದ ಬಂದದ್ದು. ಅಮ್ಮ ಸುಬ್ಬಿ ಮೀನು ಮಾರುವವಳು.

ಬೆಳಕೆಯ ಮೀನುಗಾರರ ಕೇರಿಯಲ್ಲಿ ಅವರ ಮನೆ. ಅಪ್ಪ ಈರ ಬೇರೆಯವರ ದೋಣಿಯಲ್ಲಿ ಬಲೆ ಎಳೆಯಲು ಹೋಗುತ್ತಿದ್ದ. ಸುಬ್ಬಿ ನಸುಕಿನಲ್ಲೇ ಭಟ್ಕಳ ಬಂದರಿಗೆ ಹೋಗಿ ಬಂಗಡೆಯೋ ತಾರ್ಲೆಯೋ ಸಿಕ್ಕಿದ್ದನ್ನು ಕೊಂಡು, ಬುಟ್ಟಿ ತಲೆಯ ಮೇಲಿಟ್ಟು, ಕಾಯ್ಕಿಣಿಯ ಕಡೆ ಹೊರಡುತ್ತಿದ್ದಳು. ಅಲ್ಲಿ ಗದ್ದೆ ಇದ್ದವರ ಮನೆಗಳು, ನೌಕರಿ ಇದ್ದವರ ಮನೆಗಳು. ಮೀನಿಗೆ ಬೇಡಿಕೆ ಚೆನ್ನಾಗಿತ್ತು. ತಲುಪುವುದೇ ಕಷ್ಟ. ಬಸ್ಸು ನಿಲ್ಲುತ್ತಿತ್ತು, ಹತ್ತುವವರು ಹತ್ತುತ್ತಿದ್ದರು, ಸುಬ್ಬಿ ಬುಟ್ಟಿ ಎತ್ತುವ ಹೊತ್ತಿಗೆ ಕಂಡಕ್ಟರು ಸೀಟಿ ಊದುತ್ತಿದ್ದ. "ಮೀನಿನವ್ರು ಹಿಂದಿನ ಗಾಡಿಗೆ ಬನ್ನಿ." ಹಿಂದಿನ ಗಾಡಿಯವನೂ ಅದನ್ನೇ ಹೇಳುತ್ತಿದ್ದ.

ಶಾಲೆಗೆ ರಜೆ ಇದ್ದ ದಿನ ಅರ್ಚನಾ ಅಮ್ಮನ ಜೊತೆ ಹೋಗುತ್ತಿದ್ದಳು. ಬಸ್ಸಿನ ಹೊಗೆಯಲ್ಲಿ ನಿಂತುಕೊಳ್ಳುವುದು ಅವಳಿಗೆ ಚಿಕ್ಕಂದಿನಿಂದಲೇ ಗೊತ್ತು. ಕಾಯ್ಕಿಣಿಯ ಒಂದು ಮನೆಯಲ್ಲಿ ಅವಳು ಕಂಡದ್ದು ಇನ್ನೊಂದು. ಮನೆಯೊಡತಿ ಮೀನು ಆರಿಸಿ ಒಳಗೆ ಕಳಿಸಿದಳು. ಸುಬ್ಬಿ ನೀರು ಕೇಳಿದಳು. ಒಡತಿ ತಂಬಿಗೆ ತಂದು, ಅಂಗಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ ಸುಬ್ಬಿಯ ಬೊಗಸೆಗೆ ಮೇಲಿನಿಂದ ಹೊಯ್ದಳು. ಅರ್ಧ ನೀರು ಸೀರೆಯ ಮೇಲೆ ಬಿತ್ತು. ಸುಬ್ಬಿ ಬಾಯಿ ಒರೆಸಿಕೊಂಡು ನಗುತ್ತಲೇ ಎದ್ದಳು.

ದಾರಿಯಲ್ಲಿ ಅರ್ಚನಾ ಕೇಳಿದಳು. "ನಾವು ತಂದ ಮೀನು ಒಳಗೆ ಹೋಗ್ತದೆ. ನಾವು ಎಂತಕ್ಕೆ ಹೋಗುಕಾಗ?"

"ಮೀನು ಸತ್ತದ್ದು ಮಗಾ. ಅದು ಎಲ್ಲಿಗೆ ಬೇಕಾರೂ ಹೋಗ್ತದೆ" ಎಂದಳು ಸುಬ್ಬಿ.

ಪಿಯುಸಿ ಮುಗಿದ ಮೇಲೆ ಅರ್ಚನಾ ಪೇಟೆಯ ಒಂದು ಬಟ್ಟೆ ಅಂಗಡಿಗೆ ಸೇರಿದಳು. ಸೀರೆ ಬಿಡಿಸಿ ತೋರಿಸುವ ಕೆಲಸ. ಮೊದಲ ವಾರವೇ ಮಾಲೀಕರು ಕರೆದು, "ನೀನು ಬರುವಾಗ ಸ್ವಲ್ಪ ಪೌಡರ್, ಸೆಂಟ್ ಹಾಕ್ಕೊಂಡು ಬಾ" ಎಂದರು. ಉಳಿದ ಹುಡುಗಿಯರಿಗೆ ಆ ಮಾತು ಹೇಳಿರಲಿಲ್ಲ. ಅವಳು ಮನೆಯಿಂದ ಹೊರಡುವಾಗ ಮಿಂದೇ ಬರುತ್ತಿದ್ದಳು, ಮೀನು ಮುಟ್ಟಿರುತ್ತಿರಲಿಲ್ಲ. ಮೂಗಿಗಿಂತ ಮೊದಲು ಕೇರಿಯ ಹೆಸರೇ ಅವರಿಗೆ ವಾಸನೆ ಹೊಡೆದಿತ್ತು. ಅವಳು ಸರ್ಕಾರಿ ಬಸ್ಸಿನ ಕಂಡಕ್ಟರ್ ಹುದ್ದೆಗೆ ಅರ್ಜಿ ಕರೆದಾಗ ಹಾಕಿದಳು. ಪರೀಕ್ಷೆ ಪಾಸಾದಳು.

ಕೇರಿಯಲ್ಲಿ ಗುಸುಗುಸು ನಡೆಯಿತು. ಹೆಣ್ಣುಮಕ್ಕಳು ಬಸ್ಸಿನಲ್ಲಿ ಊರೂರು ತಿರುಗುವುದೇ ಎಂದರು. ಈರ ಮಾತ್ರ, "ನಾ ಸಮುದ್ರದಲ್ಲಿ ತಿರುಗುದು, ಅವಳು ರೋಡಲ್ಲಿ ತಿರುಗ್ತಾಳೆ. ಮುಳುಗುದಂತೂ ಇಲ್ಲ" ಎಂದು ಎಲ್ಲರ ಬಾಯಿ ಮುಚ್ಚಿಸಿದ.

ಸಮವಸ್ತ್ರ ಮನೆಗೆ ಬಂದ ದಿನ ಸುಬ್ಬಿ ಅದನ್ನು ದೂರದಿಂದಲೇ ನೋಡಿದಳು. "ಮುಟ್ಟುದಿಲ್ಲ ನಾ. ಕೈಯೆಲ್ಲ ಮೀನು ನಾತ" ಎಂದಳು. ಅರ್ಚನಾ ಖಾಕಿ ಅಂಗಿ ಹಾಕಿಕೊಂಡು ಬಂದು, ಬಿಲ್ಲೆಯನ್ನು ಅಮ್ಮನ ಅಂಗೈಯಲ್ಲಿಟ್ಟಳು. "ನೀನೇ ಸಿಗಸ್ಬೇಕು. ಇಲ್ದಿದ್ರೆ ನಾನು ಹೋಗುದೇ ಇಲ್ಲ." ಸುಬ್ಬಿ ಕೈ ತೊಳೆಯಲು ಎದ್ದಳು. ಮಗಳು ಬಿಡಲಿಲ್ಲ. ಸುಬ್ಬಿ ಬಿಲ್ಲೆ ಸಿಗಿಸಿದಳು. ಅದು ಸೊಟ್ಟಗಿತ್ತು. ಅರ್ಚನಾ ಅದನ್ನು ಸರಿ ಮಾಡದೆ ಹಾಗೆಯೇ ಡ್ಯೂಟಿಗೆ ಹೋದಳು.

ಕೆಲವು ವರ್ಷ ಘಟ್ಟದ ಮೇಲೆ ಕೆಲಸ ಮಾಡಿದ ನಂತರ ಅವಳಿಗೆ ಊರಿನ ಕಡೆ ವರ್ಗವಾಯಿತು. ಭಟ್ಕಳ, ಹೊನ್ನಾವರ, ಕುಮಟಾ ದಾರಿಯ ಬಸ್ಸೇ ಸಿಕ್ಕಿತು. ಡ್ರೈವರು ಮಹಾಗಣಪತಿ ಹೆಚ್ಚು ಮಾತಿಲ್ಲದ ಮನುಷ್ಯ, ಮೀನು ಮಾಂಸ ಮುಟ್ಟದ ಮನೆಯವರು. ಹೆಂಗಸರಿಗೆ ಬಸ್ಸು ಉಚಿತವಾದ ಹೊಸತು. ಬಸ್ಸು ಯಾವಾಗಲೂ ತುಂಬಿರುತ್ತಿತ್ತು.

ಮೊದಲ ವಾರದ ರಜೆಯಲ್ಲೇ ಅರ್ಚನಾ ಬಂದರಿಗೆ ಹೋಗಿ, ಮೀನು ಮಾರುವ ಹೆಂಗಸರನ್ನೆಲ್ಲ ಸೇರಿಸಿ ಹೇಳಿದಳು. "ಬುಟ್ಟಿ ಬೇಡ. ಗಟ್ಟಿ ಮುಚ್ಚಳ ಇದ್ದ ಡಬ್ಬ ತಗಳಿ. ಒಂದು ಹನಿ ನೀರು ಸೋರುಕಾಗ. ನಿಮಗೆ ಸೊನ್ನೆ ಟಿಕೆಟ್, ಡಬ್ಬಕ್ಕೆ ಲಗೇಜ್ ಟಿಕೆಟ್. ಇಷ್ಟು ಮಾಡಿದ್ರೆ ನನ್ನ ಬಸ್ಸಲ್ಲಿ ಯಾರನ್ನೂ ಬಿಟ್ಟು ಹೋಗುದಿಲ್ಲ."

ಬಂಗಾರಿ ಎಂಬವಳು ಸುಬ್ಬಿಯ ಓರಗೆಯವಳು, ಬಾಯಿಜೋರಿನವಳು. "ಸೋರಿದ್ರೆ?" ಎಂದಳು.

"ಸೋರಿದ್ರೆ ಇಳಿಸ್ತೆ. ನನ್ನ ಅಮ್ಮ ಆದ್ರೂ ಇಳಿಸ್ತೆ."

ಆತು ಎಂದರು ಎಲ್ಲರೂ. ಡಬ್ಬಗಳು ಬಂದವು. ಹಿಂದಿನ ಸೀಟಿನ ಕೆಳಗೆ ಸಾಲಾಗಿ ಕೂತವು. ಬಂದರು ರಸ್ತೆ ಕೂಡುವಲ್ಲಿ ಬಸ್ಸು ನಿಲ್ಲತೊಡಗಿತು.

ಆ ಬಸ್ಸಿನಲ್ಲಿ ದಿನಾ ಹೊನ್ನಾವರಕ್ಕೆ ಹೋಗುವ ನಾಗಭೂಷಣ ಎಂಬ ಒಬ್ಬರು ಗೃಹಸ್ಥರಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮುಂದಿನ ಕಿಟಕಿಯ ಪಕ್ಕದ ಜಾಗ. ಹೆಂಗಸರು ಡಬ್ಬ ಏರಿಸುವುದನ್ನು ನೋಡಿ ಮೊದಲ ದಿನವೇ ಮೂಗಿಗೆ ಕರವಸ್ತ್ರ ಹಿಡಿದರು.

"ಎಂತ ಮೇಡಂ, ಇದು ಬಸ್ಸೋ ಮೀನು ಪೇಟೆಯೋ?"

"ಬಸ್ಸೇ ಸರ್. ಡಬ್ಬಕ್ಕೆ ಮುಚ್ಚಳ ಉಂಟು."

"ಪುಕ್ಕಟೆ ಅಂದ ಕೂಡ್ಲೆ ಕಂಡ ಕಂಡವ್ರೆಲ್ಲ ಹತ್ತಿದ್ರು. ದುಡ್ಡು ಕೊಟ್ಟು ಹೋಗುವವ್ರಿಗೆ ಒಂದು ಮರ್ಯಾದೆ ಬೇಡ್ವಾ?"

ಅರ್ಚನಾ ಲಗೇಜಿನ ಟಿಕೆಟ್ಟುಗಳನ್ನು ಎತ್ತಿ ತೋರಿಸಿ ಮುಂದಕ್ಕೆ ಹೋದಳು. ಅವರು ಸುಮ್ಮನಿರಲಿಲ್ಲ. ಕಂಡಕ್ಟರ್ ತನ್ನ ಜಾತಿಯವರಿಗಾಗಿ ಬಸ್ಸನ್ನು ಹಾಳು ಮಾಡುತ್ತಿದ್ದಾಳೆ ಎಂದು ಡಿಪೋಗೆ ದೂರು ಕೊಟ್ಟರು. ಡಿಪೋದ ಸಾಹೇಬರು ಅರ್ಚನಾಳನ್ನೂ ಡ್ರೈವರನ್ನೂ ಕರೆಸಿದರು. ಅರ್ಚನಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಾಹೇಬರು ಮಹಾಗಣಪತಿಯವರ ಕಡೆ ತಿರುಗಿದರು.

"ಮೀನಿನ ವಾಸನೆ ನಂಗೆ ಆಗೂದಿಲ್ಲ ಸರ್, ಖರೆ" ಎಂದರು ಅವರು. "ಆದ್ರೆ ಡೀಸೆಲ್ ವಾಸನೇನೂ ಆಗೂದಿಲ್ಲ. ಅದಕ್ಕೆ ಯಾರೂ ದೂರು ಕೊಡೂದಿಲ್ಲ."

ಸಾಹೇಬರು ನಗಲಿಲ್ಲ. "ನಾನೇ ಒಂದು ದಿನ ಬಂದು ನೋಡ್ತೇನೆ" ಎಂದರು.

ಬಂದದ್ದು ಒಂದು ಸೋಮವಾರ. ಭಟ್ಕಳದಲ್ಲಿ ಸಾದಾ ಅಂಗಿ ಹಾಕಿಕೊಂಡು ಹತ್ತಿ, ಬಸ್ಸಿನ ನಡುವೆ ಒಂದು ಕಡೆ ಕೂತರು. ನಾಗಭೂಷಣರು ತಮ್ಮ ಜಾಗದಲ್ಲಿದ್ದರು. ಬಂದರು ರಸ್ತೆಯಲ್ಲಿ ಸುಬ್ಬಿ, ಬಂಗಾರಿ ಮತ್ತು ಉಳಿದವರು ಹತ್ತಿದರು. ಡಬ್ಬ ಒಳಗೆ ಹೋದವು. ಅರ್ಚನಾ ಬಗ್ಗಿ ಒಂದೊಂದರ ತಳವನ್ನೂ ಕೈಯಿಂದ ಮುಟ್ಟಿ ನೋಡಿದಳು. ಒಣಗಿತ್ತು.

ಹೆಬಳೆಯಲ್ಲಿ ಒಬ್ಬ ಹುಡುಗಿ ಹತ್ತಿದಳು. ಹೆಸರು ಸುಮಿತಾ ಎಂದು ಆಮೇಲೆ ಎಲ್ಲರಿಗೂ ಗೊತ್ತಾಯಿತು. ಯಲ್ಲಾಪುರದ ಕಾಡಿನ ಕಡೆಯ ಸಿದ್ದಿಯರ ಹುಡುಗಿ. ತಲೆತಲಾಂತರದ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದ ಜನರ ಕುಲ. ನರ್ಸಿಂಗ್ ಓದಿ ಹೊನ್ನಾವರದ ಒಂದು ಆಸ್ಪತ್ರೆಗೆ ಹೊಸತಾಗಿ ಸೇರಿದ್ದಳು, ಹೆಬಳೆಯಲ್ಲಿ ಅಕ್ಕನ ಮನೆಯಲ್ಲಿದ್ದಳು. ಕಪ್ಪು ಮೈ, ಗುಂಗುರು ಕೂದಲು. ಬಸ್ಸಿನಲ್ಲಿ ಅರ್ಧ ಜನ ತಿರುಗಿ ನೋಡಿದರು. ಖಾಲಿ ಇದ್ದದ್ದು ಹಿಂದಿನ ಸೀಟಿನಲ್ಲಿ ಸುಬ್ಬಿಯ ಪಕ್ಕದ ಒಂದೇ ಜಾಗ. ಹುಡುಗಿ ಹತ್ತಿರ ಬರುತ್ತಿದ್ದಂತೆ ಸುಬ್ಬಿ ಮಡಿಲಿನ ಚೀಲವನ್ನು ತೆಗೆದು ಆ ಜಾಗದಲ್ಲಿಟ್ಟಳು.

"ಇಲ್ಲಿ ಜಾಗ ಇಲ್ಲ. ಮುಂದೆ ಹೋಗು." ಮತ್ತೆ ಬಂಗಾರಿಯ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, "ಎಂತ ಕೂದಲು ಮಾರಾಯ್ತಿ! ಯಾವ ದೇಶದ್ದೋ ಏನೋ."

ಹುಡುಗಿ ಕಂಬಿ ಹಿಡಿದು ನಿಂತಳು. "ಇದೇ ಜಿಲ್ಲೆಯದ್ದು ಅಕ್ಕಾ. ಯಲ್ಲಾಪುರ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆ ಉತ್ತರವನ್ನು ಎಷ್ಟೋ ಸಲ ಹೇಳಿ ಅಭ್ಯಾಸವಾಗಿತ್ತು.

ಅರ್ಚನಾ ಟಿಕೆಟ್ ಕೊಡುತ್ತಾ ಹಿಂದಕ್ಕೆ ಬರುತ್ತಿದ್ದಳು. ಎಲ್ಲ ಕೇಳಿಸಿತ್ತು. ಬಸ್ಸಿನಲ್ಲಿ ಸಾಹೇಬರಿದ್ದಾರೆ, ದೂರು ಕೊಟ್ಟವರಿದ್ದಾರೆ, ಇಷ್ಟು ವರ್ಷ ರಸ್ತೆಯಲ್ಲಿ ನಿಂತು ಸವೆದ ಅಮ್ಮ ಇದ್ದಾಳೆ. ಒಂದು ಕ್ಷಣ ಕಾಲು ತಡೆಯಿತು ಎಂದು ಅವಳೇ ಹೇಳುತ್ತಾಳೆ. ಸುಮ್ಮನೆ ದಾಟಿ ಹೋಗಬಹುದಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ.

"ಅಮ್ಮ, ಚೀಲ ತೆಗಿ."

"ಚೀಲದಲ್ಲಿ ತಕ್ಕಡಿ ಉಂಟು..."

"ಚೀಲಕ್ಕೆ ಟಿಕೆಟ್ ಇಲ್ಲ. ಅವ್ರಿಗೆ ಉಂಟು. ತೆಗಿ."

ಬಂಗಾರಿ ಮಧ್ಯೆ ಬಾಯಿ ಹಾಕಿದಳು. "ಹೆತ್ತವಳಿಗೇ ಜೋರು ಮಾಡ್ತ್ಯಾ?"

"ಬಸ್ಸಲ್ಲಿ ನಾ ಕಂಡಕ್ಟರ್ ಬಂಗಾರಕ್ಕ." ಆಮೇಲೆ ಅವಳು ಬಗ್ಗಿ, ಅಮ್ಮನಿಗೆ ಮಾತ್ರ ಕೇಳುವಂತೆ ಹೇಳಿದಳು. "ನಿನ್ನ ಬೊಗಸೆಗೆ ನೀರು ಹೊಯ್ದವ್ರೂ ಹೀಂಗೇ ಮಾಡಿದ್ದಲ್ದಾ ಅಮ್ಮ?"

ಸುಬ್ಬಿಯ ಮುಖ ಕೆಂಡವಾಯಿತು. ಚೀಲ ಎತ್ತಿ ಮಡಿಲಿಗೆ ಹಾಕಿಕೊಂಡಳು. ಸುಮಿತಾ ಕೂತಳು. ಬಸ್ಸು ಮುಂದಕ್ಕೆ ಹೋಯಿತು. 

ಕಾಯ್ಕಿಣಿಯಲ್ಲಿ ಸುಬ್ಬಿ ಡಬ್ಬ ಎಳೆಯಲು ಬಗ್ಗಿದಾಗ, ಇನ್ನೊಂದು ಹಿಡಿಯನ್ನು ಸುಮಿತಾ ಹಿಡಿದಳು. ಸುಬ್ಬಿ ಅವಳನ್ನು ನೋಡಿದಳು.

"ಬಿಡು ಮಗಾ. ಕೈ ನಾತ ಆಗ್ತದೆ."

"ಆಗ್ಲಿ ಬಿಡಿ ಅಕ್ಕಾ. ನಾನೂ ಮೀನು ತಿನ್ನುವವಳೇ. ಎಂತ ಮೀನು ಇವತ್ತು?"

"ಬಂಗಡೆ" ಎಂದಳು ಸುಬ್ಬಿ. ಅಷ್ಟೇ ಹೇಳಿ ಇಳಿದಳು.

ಸಾಹೇಬರು ಹೊನ್ನಾವರದಲ್ಲಿ ಇಳಿಯುವಾಗ ಅರ್ಚನಾಳ ಹತ್ತಿರ ನಿಂತು, "ಡಬ್ಬ ಹೀಗೇ ಹಿಂದೆ ಇರಲಿ. ಲಗೇಜ್ ಟಿಕೆಟ್ ತಪ್ಪಬಾರದು" ಎಂದರು. ದೂರು ಅಲ್ಲಿಗೆ ಮುಗಿಯಿತು. ನಾಗಭೂಷಣರು ಈಗಲೂ ಅದೇ ಬಸ್ಸಿಗೆ ಬರುತ್ತಾರೆ, ಈಗಲೂ ಬಂದರು ರಸ್ತೆಯಲ್ಲಿ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಆದರೆ ಮತ್ತೆ ಬಾಯಿ ಬಿಟ್ಟಿಲ್ಲ.

ಮನೆಯಲ್ಲಿ ಸುಬ್ಬಿ ಆ ದಿನ ಮಗಳಿಗೆ ಊಟ ಬಡಿಸಿದಳು. ಈರ ವಿಷಯ ಕೇಳಿ ಗಡ್ಡ ತುರಿಸಿಕೊಂಡು ಹೊರಗೆ ಹೋದ. ಊಟ ಮುಗಿದ ಮೇಲೆ ಸುಬ್ಬಿಯೇ ಮಾತು ತೆಗೆದಳು.

"ಅಷ್ಟು ಜನರ ಎದುರಿಗೆ ಹೇಳ್ದೆ ನೀ."

"ಅಷ್ಟು ಜನರ ಎದುರಿಗೇ ನೀ ಅವಳಿಗೆ ಹೇಳಿದ್ದು."

ಸುಬ್ಬಿ ಬಟ್ಟಲು ತೊಳೆಯಲು ಕೂತಳು. "ನಮಗಿಂತ ಕೆಳಗೆ ಒಬ್ರು ಇದ್ರೆ ಎದೆಗೆ ಒಂಚೂರು ತಂಪು ಅನ್ಸ್ತದೆ ಮಗಾ. ಅದು ಕೆಟ್ಟ ತಂಪು" ಎಂದಳು. ಅಮ್ಮನ ಬಾಯಿಂದ ಇಂಥ ಮಾತನ್ನು ಅರ್ಚನಾ ಹಿಂದೆಂದೂ ಕೇಳಿರಲಿಲ್ಲ. ಎದ್ದು ಹೋಗಿ ಅಮ್ಮನ ಜೊತೆ ಬಟ್ಟಲು ಒರೆಸಲು ಕೂತಳು.

ಮರುದಿನ ಹೆಬಳೆ ಬರುವ ಮೊದಲೇ ಸುಬ್ಬಿ ಪಕ್ಕದ ಜಾಗದ ಮೇಲೆ ಟವೆಲ್ ಹಾಸಿದಳು. ಬೇರೆ ಯಾರೋ ಕೂರಲು ಬಂದಾಗ, "ಜನ ಉಂಟು, ಜನ ಉಂಟು" ಎಂದಳು. ಸುಮಿತಾ ಬಂದು ಕೂತಳು. ಅರ್ಚನಾಳಿಗೆ ಇದೂ ನಿಯಮಕ್ಕೆ ವಿರುದ್ಧ ಎಂದು ಗೊತ್ತಿತ್ತು. ಆ ಒಂದು ದಿನ ಅವಳು ಬೇರೆ ಕಡೆ ನೋಡಿದಳು.

ಅದೇ ವಾರ ಕಾಯ್ಕಿಣಿಯಲ್ಲಿ ಇನ್ನೊಂದು ನಡೆಯಿತು. ಬೊಗಸೆಗೆ ನೀರು ಹೊಯ್ದಿದ್ದ ಮನೆಗೆ ಸುಬ್ಬಿ ಮೀನು ಕೊಟ್ಟಳು. ಆ ಒಡತಿಗೆ ಈಗ ವಯಸ್ಸಾಗಿದೆ. ಸುಬ್ಬಿ ಅಂಗಳದ ಅಂಚಿಗೆ ಹೋಗದೆ ಜಗಲಿಯ ಮೆಟ್ಟಿಲ ಮೇಲೆ ಕೂತಳು. "ಬಾಯಾರಿಕೆ ಆಗ್ತದೆ ಅಮ್ಮ. ಒಂದು ಲೋಟದಲ್ಲಿ ನೀರು ಕೊಡಿ" ಎಂದಳು. ಒಡತಿ ಬಾಗಿಲಲ್ಲೇ ನಿಂತಳು. ಸುಬ್ಬಿ ಏಳಲಿಲ್ಲ, ಮುಖ ತಗ್ಗಿಸಲಿಲ್ಲ. ಒಳಗಿನಿಂದ ಸೊಸೆ ಸುಪ್ರಿಯಾ ಸ್ಟೀಲ್ ಲೋಟದಲ್ಲಿ ನೀರು, ಜೊತೆಗೆ ಒಂದು ತುಂಡು ಬೆಲ್ಲ ತಂದು ಕೈಗೇ ಕೊಟ್ಟಳು. ಸುಬ್ಬಿ ಲೋಟವನ್ನು ಕಚ್ಚಿ ಕುಡಿದು, ತೊಳೆಯದೆ ಮೆಟ್ಟಿಲ ಮೇಲಿಟ್ಟು ಎದ್ದಳು. ಒಡತಿ ಮರುದಿನವೂ ಮೀನು ಕೊಂಡಳು.

ಈಗ ಬಂದರಿನಲ್ಲಿ ಮೀನು ಹರಾಜಾಗುವ ಮೊದಲು ಹೆಂಗಸರು ಕೂತು ಎಲೆಅಡಿಕೆ ಹಾಕುವ ಹೊತ್ತಿನಲ್ಲಿ, ಹೊಸಬರು ಯಾರಾದರೂ ಸಿಕ್ಕರೆ ಸುಬ್ಬಿ ಈ ಕತೆ ಶುರುಮಾಡುತ್ತಾಳೆ. ತನ್ನ ತಪ್ಪನ್ನು ಅಡಗಿಸುವುದಿಲ್ಲ. ಮಗಳನ್ನು ದೊಡ್ಡದು ಮಾಡಲು ಅದು ಬೇಕೇ ಬೇಕು.

"ಸಾಹೇಬ್ರು ಕೂತಿದ್ದಾರೆ, ದೊಡ್ಡ ದೊಡ್ಡವ್ರು ಕೂತಿದ್ದಾರೆ. ನನ್ನ ಮಗಳು ಬಸ್ಸು ನಿಲ್ಸಿ ನಂಗೆ ಬೈದ್ಳು!"

"ಬಸ್ಸು ಎಲ್ಲಿ ನಿಲ್ಸಿದ್ಳು? ಸುಳ್ಳು ಹೇಳ್ಬೇಡ" ಎನ್ನುತ್ತಾಳೆ ಬಂಗಾರಿ.

"ನಿಲ್ಸಲಿಲ್ವಾ? ನಿಂತ ಹಾಂಗೇ ಆಗಿತ್ತಪ್ಪ ನಂಗೆ." ಸುಬ್ಬಿ ಸುಣ್ಣದ ಬೆರಳನ್ನು ಕಲ್ಲಿಗೆ ಒರೆಸಿ ಹೊಸಬಳ ಕಡೆ ತಿರುಗುತ್ತಾಳೆ. "ಹೆತ್ತ ಅಮ್ಮಂಗೇ ಬಿಡಲಿಲ್ಲ ಅವಳು. ಅಂಥವಳು ನನ್ನ ಮಗಳು. ಕುಮಟಾ ಬಸ್ಸಿನವಳು."