ಅರ್ಧಂಬರ್ಧ ಬಿಸ್ಕತ್ತು

ಮನೆಯಲ್ಲಿ ಅವಳಿಗೆ ‘ಅರ್ಧಂಬರ್ಧ’ ಎಂದೇ ಹೆಸರು. ಮಡಚುತ್ತಿದ್ದ ಬಟ್ಟೆ ಅರ್ಧ ಮಂಚದ ಮೇಲೆ, ಕುಡಿಯುತ್ತಿದ್ದ ಚಹಾ ಅರ್ಧ ಕಿಟಕಿಯ ಕಟ್ಟೆಯಲ್ಲಿ, ಹೆಣೆದ ಜಡೆ ಅರ್ಧ ಬೆನ್ನ ಮೇಲೆ. “ಈ ಮಹಾತಾಯಿ ಒಂದು ಕೆಲಸಾನೂ ಪೂರ್ತಿ ಮಾಡಲ್ಲ” ಎಂದು ಅತ್ತೆ ನಗುತ್ತಿದ್ದರು. ಅದೇ ಉಸಿರಿನಲ್ಲಿ, “ನನ್ನ ಕನ್ನಡಕ ಎಲ್ಲಾದ್ರೂ ಕಂಡ್ಯಾ?” ಎಂದು ಕರೆಯುತ್ತಲೂ ಇದ್ದರು. ಯಾವ ಕೆಲಸ ಅರ್ಧಕ್ಕೆ ನಿಂತಿತೆಂದು ಮನೆಮಂದಿಗೆಲ್ಲ ಗೊತ್ತು. ಯಾರ ಕೂಗಿಗೆ ನಿಂತಿತೆಂದು ಮಾತ್ರ ಯಾರೂ ಕೇಳಿದವರಲ್ಲ.

ಅವಳ ಬಿಸ್ಕತ್ತು ಹುಟ್ಟಿದ್ದೂ ಅಂಥ ಒಂದು ಕೂಗಿನಿಂದಲೇ. ಹೋದ ಚಳಿಗಾಲ ಚಾಕೊಲೇಟ್ ಬಿಸ್ಕತ್ತು ಓವನ್ನಿನಲ್ಲಿದ್ದಾಗ, ಹಲ್ಲಿನ ಡಾಕ್ಟರ ಹತ್ತಿರ ಹೊರಡಬೇಕೆಂದು ಅತ್ತೆ ಅವಸರ ಮಾಡಿದರು. ಅವಳು ಬೇಯುತ್ತಿದ್ದ ತಟ್ಟೆಯನ್ನು ಹೊರಗೆಳೆದಿಟ್ಟು ಓಡಿದಳು. ಹಿಂದಿರುಗಿ ನೋಡಿದರೆ, ಅಂಚು ಗಟ್ಟಿ, ನಡುವೆ ಮೆತ್ತಗೆ. ಅಗಿದರೆ ಅಂಟುಅಂಟಾಗಿ ಬಾಯ್ತುಂಬ ಚಾಕೊಲೇಟ್! ಗಟ್ಟಿ ಬಿಸ್ಕತ್ತನ್ನು ಚಹಾದಲ್ಲಿ ಮುಳುಗಿಸದೆ ಮುಟ್ಟದ ಅತ್ತೆ, ತಟ್ಟೆ ಖಾಲಿ ಮಾಡಿಯೇ ಎದ್ದರು.

ಈಗ ಮತ್ತೆ ಚಳಿ ಬಂದಿದೆ. ಚಳಿಗಾಲದಲ್ಲಷ್ಟೇ ಸಿಗುವ ಕೆಂಪು-ಬಿಳಿ ಪಟ್ಟೆಯ ಪೆಪ್ಪರಮಿಂಟೂ ಬಂದಿದೆ. ಈ ಸಲ ಬಿಸ್ಕತ್ತಿಗೆ ಅದನ್ನೂ ಹಾಕುವ ಯೋಚನೆ ಅವಳದು. ಬೀದಿ ತುದಿಯ ಚಹಾದಂಗಡಿಯಾಕೆ ಹೇಳಿದ್ದಳು: “ನಿಮ್ಮ ಬಿಸ್ಕತ್ತು ಇವತ್ತು ಸಂಜೆ ತನ್ನಿ, ರುಚಿ ನೋಡ್ತೀನಿ. ಹಿಡಿಸಿದ್ರೆ ಚಳಿ ಮುಗಿಯೋವರೆಗೂ ಗಲ್ಲಾದ ಪಕ್ಕ ನಿಮ್ಮದೇ ಜಾಡಿ.”

ಮೊದಲ ತಟ್ಟೆ ಓವನ್ನಿಗೆ ಹೋಯಿತು. ಅಷ್ಟರಲ್ಲಿ ಅತ್ತೆಯ ಮಾತ್ರೆ ಕಾಣೆಯಾಯಿತು. ದಿಂಬಿನಡಿ ಹುಡುಕಿ ಕೊಟ್ಟು ಬರುವಷ್ಟರಲ್ಲಿ ಗಂಡ ಓವನ್ನಿನ ಮುಂದೆ ಎದೆಯುಬ್ಬಿಸಿ ನಿಂತಿದ್ದ.

“ಗಂಟೆ ಹೊಡೀತು. ತೆಗೆದು ನೋಡಿದ್ರೆ ನಡುವೆ ಹಸಿಹಸಿ! ನೀನು ಅರ್ಧಂಬರ್ಧ ಬೇಯಿಸಿದ್ದೆ ನೋಡು. ಮತ್ತೆ ಒಳಗಿಟ್ಟು ಚೆನ್ನಾಗಿ ಬೇಯಿಸ್ದೆ. ನಾನಿಲ್ದೆ ಹೋಗಿದ್ರೆ?”

ಅವಳು ಒಂದು ಬಿಸ್ಕತ್ತು ತೆಗೆದು ತಟ್ಟೆಗೆ ಬಡಿದಳು. ಟಣ್ ಎಂದಿತು.

“ನೀವಿಲ್ದೆ ಹೋಗಿದ್ರೆ ಇದು ಬಿಸ್ಕತ್ತಾಗ್ತಿತ್ತು. ಇಟ್ಕೊಳ್ಳಿ, ಗೋಡೆಗೆ ಮೊಳೆ ಹೊಡೆಯೋಕೆ ಸುತ್ತಿಗೆ ಬೇಕು ಅಂತಿದ್ರಲ್ಲ.”

ಇನ್ನು ಒಂದು ತಟ್ಟೆಗಾಗುವಷ್ಟೇ ಹಿಟ್ಟು. ಅವಳು ಉಂಡೆ ಕಟ್ಟಿ ಒಳಗಿಟ್ಟು, ಸ್ಟೂಲೆಳೆದು ಓವನ್ನಿನ ಗಾಜಿನೆದುರು ಕುಳಿತಳು.

“ನನ್ನ ಇನ್ನೊಂದು ಕಾಲುಚೀಲ ಎಲ್ಲಿ?” ಒಳಗಿನಿಂದ ಗಂಡನ ಕೂಗು.

ಅವಳು ಅಲುಗಲಿಲ್ಲ.

“ಕೇಳಿಸ್ತಾ?”

“ಕೇಳಿಸ್ತು,” ಎಂದಳು. ಉಂಡೆಗಳು ಕರಗಿ ಹರಡುತ್ತಿದ್ದವು. ಮೇಲೆ ಬಿರುಕು ಮೂಡುತ್ತಿತ್ತು.

“ಲೋ, ನಿನಗೇನು ಕಣ್ಣಿಲ್ವಾ?” ಎಂದು ಅತ್ತೆ ಮಗನನ್ನೇ ಗದರಿದರು. “ಅವಳೆದ್ರೆ ನನ್ನ ಹಲ್ಲಿನ ಗತಿ ಏನೋ?”

ಅಂಚು ಬಿಗಿಯಿತು. ನಡು ಇನ್ನೂ ಮಿರಮಿರ ಮಿಂಚುತ್ತಿತ್ತು. ಈಗ! ತಟ್ಟೆ ಹೊರಬಂತು. ಪೆಪ್ಪರಮಿಂಟನ್ನು ಮೊದಲೇ ಹಿಟ್ಟಿಗೆ ಬೆರೆಸಿದರೆ ಕರಗಿ ತಟ್ಟೆಗೆ ಅಂಟುತ್ತದೆ. ಅದಕ್ಕೇ ಜಜ್ಜಿಟ್ಟ ಚೂರುಗಳನ್ನು ಬಿಸಿಬಿಸಿ ಬಿಸ್ಕತ್ತಿನ ಮೇಲೆ ಒತ್ತಿದಳು. ಬೆರಳು ಚುರುಗುಟ್ಟಿದರೂ ನಗು ತಡೆಯಲಾಗಲಿಲ್ಲ. ಅತ್ತೆಯ ಪಾಲು ಎತ್ತಿಟ್ಟು, ಅರ್ಧ ಜಡೆಯಲ್ಲೇ ಅಂಗಡಿಗೆ ಓಡಿದಳು.

ಅಂಗಡಿಯಾಕೆ ಬಿಸ್ಕತ್ತು ಮುರಿಯಲು ನೋಡಿದಳು. ಅದು ಮುರಿಯಲಿಲ್ಲ, ಬಾಗಿತು. ಎಳೆದರೆ ಎಳೆಎಳೆಯಾಗಿ ಬಂತು. ಅಗಿಯುತ್ತ ಕಣ್ಣು ಮುಚ್ಚಿದಳು. ತೆರೆದದ್ದೇ, ಗಲ್ಲಾದ ಪಕ್ಕದ ರಸ್ಕಿನ ಜಾಡಿಯನ್ನು ಹಿಂದಕ್ಕೆ ತಳ್ಳಿದಳು.

“ಜಾಡಿ ಮೇಲೆ ಏನಂತ ಬರೀಲಿ?”

“ಅರ್ಧಂಬರ್ಧ.”

“ಅಯ್ಯೋ, ಇದೆಂಥ ಹೆಸರ್ರೀ!”

“ಬೇಕೂಂತಲೇ ಅರ್ಧಕ್ಕೆ ತೆಗೆದಿದ್ದು,” ಎಂದಳು, ಗತ್ತಿನಿಂದ.

ಇಬ್ಬರೂ ಗೊಳ್ಳೆಂದು ನಕ್ಕರು. ಅಂಗಡಿಯಾಕೆ ಹಬೆಯಾಡುವ ಚಹಾ ಮುಂದಿಟ್ಟಳು. ಅಷ್ಟರಲ್ಲಿ ಫೋನು ಬಡಿದುಕೊಳ್ಳತೊಡಗಿತು.

“ಯಾರು?”

“ಕಾಲುಚೀಲ,” ಎಂದು ಅವಳು ಫೋನನ್ನು ಬೋರಲು ಹಾಕಿದಳು. “ಹೊಡ್ಕೊಳ್ಳಲಿ ಬಿಡಿ. ಇದೊಂದು ಚಹಾ ಪೂರ್ತಿ ಮುಗಿಸ್ತೀನಿ.”