ಸಮುರಾಯಿಗಳ ಮೇಲೆ ಬೀಸಿದ ಸಟ್ಟುಗ

ನನ್ನ ತಮ್ಮನ ಬಲಗೈಯ ಎರಡು ಬೆರಳುಗಳು ನೆಟ್ಟಗಾಗುವುದಿಲ್ಲ. ಹೋಟೆಲಿನ ಹಿಟ್ಟು ರುಬ್ಬುವ ಗ್ರೈಂಡರಿಗೆ ಸಿಕ್ಕಿ ಹಾಗಾಯಿತೆಂದು ನಮ್ಮ ಊರಿನವರು, ಅವನ ಹೆಂಡತಿ, ಅವನ ಆಫೀಸಿನವರು ಎಲ್ಲರೂ ನಂಬಿದ್ದಾರೆ. ಅದು ಗ್ರೈಂಡರ್ ಅಲ್ಲ. ನಾನು.

ಏಳನೇ ಕ್ಲಾಸು ಮುಗಿಸಿ ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದವನು ನಾನು. ನುಂಗಂಬಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆಯಲ್ಲಿ ಬೆಳೆದೆ. ಅಲ್ಲಿ ಕೆಲಸ ಕಲಿಸುತ್ತಿದ್ದುದು ಬಾಯಲ್ಲಿ ಅಲ್ಲ. ದೋಸೆ ಹರಿದರೆ ಮುಖ್ಯ ಭಟ್ಟರು ಕಾದ ಸಟ್ಟುಗವನ್ನು ಮೀನಖಂಡಕ್ಕೆ ಒತ್ತುತ್ತಿದ್ದರು. ನನ್ನ ಎಡಗಾಲಿನಲ್ಲಿ ಮೂರು ಗೆರೆಗಳಿವೆ. ಮುಂದೆ ಕಾವಲಿ ನನ್ನ ಕೈಗೆ ಬಂದಾಗ ನಾನು ಯಾರನ್ನೂ ಸುಡಲಿಲ್ಲ ಎಂದು ಹೆಮ್ಮೆಪಡುತ್ತಿದ್ದೆ. ಕೆನ್ನೆಗೆ ಹೊಡೆಯುವುದನ್ನು ಹೊಡೆತ ಎಂದೇ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಕರೆಸಿಕೊಂಡೆ. ನನಗಿಂತ ಹತ್ತು ವರ್ಷ ಚಿಕ್ಕವನು. ಓದಿಸಿದೆ, ಹೊಡೆದೆ, ಕಾಲೇಜಿಗೆ ಸೇರಿಸಿದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ರಜೆಯಲ್ಲಿ ಅವನು ಹೋಟೆಲಿನ ಟೋಕನ್ ಕೊಡುವ ಜಾಗದಲ್ಲಿ ಕೂತು ಬಿಲ್ಲಿನ ಹಿಂಬದಿಯಲ್ಲಿ ಕತ್ತಿ ಹಿಡಿದ ಮನುಷ್ಯರನ್ನು ಬರೆಯುತ್ತಿದ್ದ. ಕಾಫಿಗೆ ಬರುತ್ತಿದ್ದ ಬೆಸೆಂಟ್ ನಗರದ ಹಿರಿಯರೊಬ್ಬರು ಅದನ್ನು ನೋಡಿದರು. ಹಡಗಿನಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಅವರ ಮನೆಯಲ್ಲಿ ಭಾನುವಾರ ಏಳೆಂಟು ಜನ ಸೇರಿ ದೊಡ್ಡ ಮೇಜಿನ ಮೇಲೆ ಸೀಸದ ಸೈನಿಕರನ್ನು ನಿಲ್ಲಿಸಿ ಯುದ್ಧ ಆಡುತ್ತಿದ್ದರು. ಜಪಾನಿನ ಹಳೆಯ ಕಾಲದ ಯೋಧರು, ಸಮುರಾಯಿಗಳು. ಒಬ್ಬೊಬ್ಬ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಎತ್ತರ.

ತಮ್ಮ ಅವರಿಂದ ಬಣ್ಣ ಬಳಿಯದ ಸೈನಿಕರ ಎರಡು ಪೆಟ್ಟಿಗೆ ತಂದ. ಹೋಟೆಲಿನ ಮಾಳಿಗೆಯ ನಮ್ಮ ಕೋಣೆಯಲ್ಲಿ ಕಾಲು ಮುರಿದ ಕಲ್ಲುಹಾಸಿನ ಊಟದ ಮೇಜೊಂದಿತ್ತು. ಇಟ್ಟಿಗೆ ಕೊಟ್ಟು ನಿಲ್ಲಿಸಿದೆವು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಎರಡು ಗಂಟೆ ನಮ್ಮದು. ಕವಚಕ್ಕೆ ಮೊದಲ ಬಣ್ಣ ಬಳಿಯುವುದು ನನ್ನ ಕೆಲಸ. ಉಳಿದದ್ದೆಲ್ಲ ಅವನದು. ಕುಂಚದ ಕೂದಲನ್ನು ಬ್ಲೇಡಿನಿಂದ ಕತ್ತರಿಸಿ ನಾಲ್ಕೇ ಎಳೆ ಉಳಿಸಿಕೊಂಡು, ಉಸಿರು ಹಿಡಿದು ಕಣ್ಣು ಬರೆಯುತ್ತಿದ್ದ. ಅವನಿಗೆ ಕೆಂಪು ಸೇನೆ, ನನಗೆ ಕಪ್ಪು ಸೇನೆ. ನನ್ನವರ ಕಣ್ಣುಗಳನ್ನೂ ಅವನೇ ಬರೆದ.

ಒಮ್ಮೆ ಕೇಳಿದ: "ಅಣ್ಣಾ, ಒಣಗಿದ ರಕ್ತ ಎಂತ ಬಣ್ಣ ಇರತ್ತ್?"

"ಕಾವಲಿಲಿ ಸೀದ್ ಬೆಲ್ಲದ್ ಕಣಗೆ," ಎಂದೆ. ನನಗೆ ಚೆನ್ನಾಗಿ ಗೊತ್ತಿತ್ತು. ಅವನು ಕಂದು ಬಣ್ಣಕ್ಕೆ ಕಪ್ಪು ಬೆರೆಸಿ ನೂರು ಕತ್ತಿಗಳ ತುದಿಗೆ ಹಚ್ಚಿದ. ಸತ್ತವರನ್ನೂ ಮಾಡಿದ. ತಲೆಯಿಲ್ಲದವರು, ಎದೆಗೆ ಬಾಣ ನೆಟ್ಟವರು. ಅವರನ್ನು ನೋಡುತ್ತಾ ಕೂರುವುದು ನನಗೆ ಇಷ್ಟವಾಗುತ್ತಿತ್ತು. ಇದನ್ನೂ ಹೇಳಿಬಿಡಬೇಕು. ನನಗೆ ಹೊಡೆದ ಭಟ್ಟರ ಮುಖವನ್ನು ಆ ತಲೆಗಳಿಗೆ ಮನಸ್ಸಿನಲ್ಲೇ ಅಂಟಿಸುತ್ತಿದ್ದೆ.

ಆಟದ ನಿಯಮಗಳೆಲ್ಲ ಒಂದು ಇಂಗ್ಲಿಷ್ ಪುಸ್ತಕದಲ್ಲಿದ್ದವು. ನನಗೆ ಅದನ್ನು ಓದಲು ಬರುತ್ತಿರಲಿಲ್ಲ. ಅವನು ಓದಿ ಹೇಳುತ್ತಿದ್ದ. ನನ್ನ ಕಪ್ಪು ಸೇನೆಯಲ್ಲಿ ಹೆಚ್ಚಿನವರು ಈಟಿ ಹಿಡಿದ ಕಾಲಾಳುಗಳು. ಕುದುರೆ ಎರಡು ಗೇಣು ಹತ್ತಿರ ಬಂದರೆ ಅವರು ಓಡಿಹೋಗಬೇಕು, ದಾಳದಲ್ಲಿ ಆರು ಬಿದ್ದರೆ ಮಾತ್ರ ನಿಲ್ಲಬಹುದು ಎಂದ. ಎರಡು ವರ್ಷ ನನ್ನವರು ಓಡಿದರು. ಅವನ ಕುದುರೆಗಳು ಬೆನ್ನಟ್ಟಿ ಕೊಂದವು.

"ಇದೆಂತ ರೂಲ್ಸಾ? ಈಟಿ ಕೈಯಂಗ್ ಇಟ್ಕಂಡ್ ಓಡುದಾ?"

"ಪುಸ್ತಕದಂಗೆ ಹಾಂಗೇ ಇತ್ತ್ ಮಾರಾಯಾ, ನಾ ಎಂತ ಮಾಡೂದ್?"

ಒಂದು ಭಾನುವಾರ ರಜೆ ಸಿಕ್ಕಿತು. ನನ್ನನ್ನೂ ಬೆಸೆಂಟ್ ನಗರಕ್ಕೆ ಕರೆದುಕೊಂಡು ಹೋದ. ಹಿರಿಯರೇ ನನ್ನ ಎದುರು ಆಡಲು ಕೂತರು. ಸುತ್ತ ಕಾಲೇಜು ಹುಡುಗರು, ತಮ್ಮ ನನ್ನ ಪಕ್ಕದಲ್ಲಿ. ಹಿರಿಯರ ಕುದುರೆಗಳು ಹತ್ತಿರ ಬಂದವು. ದಾಳ ಎಸೆದೆ, ಎರಡು ಬಿತ್ತು. ನಾನೇ ನನ್ನ ಈಟಿಯವರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಹಿಂದಕ್ಕೆ ಇಡತೊಡಗಿದೆ.

ಹಿರಿಯರು ಕನ್ನಡಕ ಮೇಲಕ್ಕೆತ್ತಿ, ಯಾಕೆ ಓಡುತ್ತೀರಿ ಎಂದು ತಮಿಳಿನಲ್ಲಿ ಕೇಳಿದರು. "ಎನ್ನಪ್ಪಾ, ಏನ್ ಓಡ್ರೀಂಗ? ಅಪ್ಪಡಿ ರೂಲೇ ಇಲ್ಲಿಯೇ!"

ಅಂಥ ನಿಯಮವೇ ಇರಲಿಲ್ಲ. ಅಲುಗದೆ ನಿಂತ ಈಟಿಯವರು ಕುದುರೆಗಿಂತ ಮೊದಲು ಹೊಡೆಯಬಹುದು ಎಂದು ಪುಸ್ತಕದಲ್ಲಿತ್ತಂತೆ. ಹುಡುಗನೊಬ್ಬ ಪುಟ ತೆರೆದು ನನ್ನ ಮೂಗಿನ ಕೆಳಗೆ ಹಿಡಿದ, ನಾನು ಓದುತ್ತೇನೆ ಎಂಬಂತೆ. ಎಲ್ಲರೂ ನಕ್ಕರು. ತಮ್ಮನೂ ನಕ್ಕ.

ಮರುದಿನ ಮಧ್ಯಾಹ್ನ ನಾನು ಕೋಣೆಯ ನೆಲದಲ್ಲಿ ಕೂತು ಸಟ್ಟುಗ ಮಸೆಯುತ್ತಿದ್ದೆ. ಕಾವಲಿ ಕೆರೆಯುವ ಕಬ್ಬಿಣದ ಸಟ್ಟುಗದ ಅಂಚು ತೆಳ್ಳಗಿರಬೇಕು. ವಾರಕ್ಕೊಮ್ಮೆ ಕಲ್ಲಿಗೆ ತಿಕ್ಕಬೇಕು. ತಮ್ಮ ಎರಡೂ ಸೇನೆಗಳನ್ನು ಮೇಜಿನ ಮೇಲೆ ಜೋಡಿಸಿದ, ಏನೂ ಆಗಿಲ್ಲವೆಂಬಂತೆ.

"ಎರಡ್ ವರ್ಷ ನನ್ನ್ ಮಂಗ ಮಾಡ್ದೆ ಅಲ್ದಾ?"

"ತಮಾಷಿಗ್ ಅಣ್ಣಾ. ಗೊಂಬಿ ಆಟ ಅಲ್ದಾ?"

"ತಮಾಷಿಯಾ?"

"ನೀ ಒಂದ್ ದಿನಾರೂ ಪುಸ್ತಕ ಬಿಡ್ಸಿ ಕಂಡಿದ್ಯಾ? ಕಂಡ್ರೂ ಎಂತ ಗೊತ್ತಾತ್ತ್ ನಿಂಗೆ?"

ಎದ್ದೆ. ಮಸೆದ ಸಟ್ಟುಗ ಕೈಯಲ್ಲೇ ಇತ್ತು. ಅವನಿಗೆ ಹೊಡೆಯಬೇಕು ಎಂದುಕೊಳ್ಳಲಿಲ್ಲ. ಮೇಜು ಖಾಲಿಯಾಗಬೇಕು ಎಂದುಕೊಂಡೆ. ಹತ್ತು ವರ್ಷಕ್ಕೂ ಮೇಲೆ ದಿನಕ್ಕೆ ನೂರಾರು ಸಲ ಕಾವಲಿ ಕೆರೆದ ಕೈ. ಅಂಚನ್ನು ಕಲ್ಲಿಗೆ ಒತ್ತಿ, ಮೊಣಕೈಯ ಬಲ ಹಾಕಿ, ಒಂದೇ ಎಳೆತಕ್ಕೆ ಬಲದಿಂದ ಎಡಕ್ಕೆ ಎಳೆದೆ. ಕಲ್ಲಿನ ಮೇಲೆ ಕಬ್ಬಿಣ ಕಿರುಚಿತು. ಈಟಿಗಳು ಮುರಿದವು, ಕುದುರೆಗಳು ಗೋಡೆಗೆ ಬಡಿದವು. ತಮ್ಮ "ಅಣ್ಣಾ ಬ್ಯಾಡ" ಎಂದು ಮುಂದಕ್ಕೆ ಬಾಗಿ ಅಂಗೈ ಕೆಳಗೆ ಮಾಡಿ ನನ್ನ ಕಪ್ಪು ಸೇನೆಯ ಮೇಲೆ ಕೈಯಿಟ್ಟ.

ಕೈ ಕಾಣಿಸಿತು. ಇಷ್ಟು ವರ್ಷ ನನಗೆ ನಾನೇ ಕಾಣಿಸಲಿಲ್ಲ ಎಂದು ಹೇಳಿಕೊಂಡಿದ್ದೇನೆ. ಕಾಣಿಸಿತು. ಎಳೆತ ನಿಲ್ಲಿಸಲಿಲ್ಲ.

ಅಂಗೈಯ ಹಿಂಬದಿಯಲ್ಲಿ, ಬೆರಳುಗಳ ಬುಡದಲ್ಲಿ ಚರ್ಮ ಬಾಯಿ ಬಿಟ್ಟಿತು. ಒಳಗೆ ಬಿಳಿಯದೇನೋ ಒಂದು ಗಳಿಗೆ ಕಂಡು, ಆಮೇಲೆ ರಕ್ತ ತುಂಬಿತು. ಅವನು ಕೈಯನ್ನೇ ನೋಡುತ್ತಾ ಬೆರಳು ಎತ್ತಲು ಪ್ರಯತ್ನಿಸಿದ. ಎರಡು ಏಳಲಿಲ್ಲ. ರಕ್ತ ಕಲ್ಲಿನ ಮೇಲೆ ಹರಿದು ಬಿದ್ದ ಸೈನಿಕರನ್ನು ನೆನೆಸುತ್ತಾ ಅಂಚಿಗೆ ಹೋಗಿ ತೊಟ್ಟಿಕ್ಕಿತು. ಅದು ಸೀದ ಬೆಲ್ಲದ ಬಣ್ಣವಾಗಿರಲಿಲ್ಲ. ಅಷ್ಟು ಹೊಳೆಯುವ ಕೆಂಪು ನಮ್ಮ ಯಾವ ಡಬ್ಬಿಯಲ್ಲೂ ಇರಲಿಲ್ಲ.

ಆಟೋದಲ್ಲಿ ನನ್ನ ಲುಂಗಿಯನ್ನೇ ಸುತ್ತಿ ಹಿಡಿದಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ತಮಿಳಿನಲ್ಲಿ ಕೇಳಿದರು. ತಮ್ಮ ಬಾಯಿ ತೆರೆಯುವ ಮೊದಲೇ ನಾನು, "ಗ್ರೈಂಡರ್ ಸಾರ್" ಎಂದೆ. ಅವರು ಗಾಯವನ್ನು ನೋಡಿ, ನನ್ನನ್ನು ನೋಡಿ, ಗ್ರೈಂಡರ್ ಜಜ್ಜುತ್ತದೆ, ಹೀಗೆ ಕೊಯ್ಯುವುದಿಲ್ಲ ಎಂದರು. ತಮ್ಮನನ್ನೇ ಕೇಳಿದರು. ಅವನು ನನ್ನ ಮುಖ ನೋಡುತ್ತಾ, "ಗ್ರೈಂಡರ್ ದಾನ್ ಸಾರ್", ಗ್ರೈಂಡರೇ, ಎಂದ. ನರ ಜೋಡಿಸಿ ಹೊಲಿದರು. ಜೋಡಣೆ ಕೂಡಲಿಲ್ಲ.

ಉಳಿದ ಗೊಂಬೆಗಳನ್ನು ತೊಳೆದು ಬೆಸೆಂಟ್ ನಗರಕ್ಕೆ ವಾಪಸು ಕೊಡಲು ನಾನೇ ಹೋದೆ. ಅವರಿಗೂ ಗ್ರೈಂಡರ್ ಕಥೆಯನ್ನೇ ಹೇಳಿದೆ. ಅವರ ಕಣ್ಣು ತುಂಬಿತು. ಹೊರಡುವಾಗ, ಮಾತಿಗೆ ಮಾತು ಬಂದು, ದಾಳ ಮೇಜಿನಿಂದ ಕೆಳಗೆ ಬಿದ್ದಾಗ ಮತ್ತೊಮ್ಮೆ ಎಸೆಯುವ ನಿಯಮವಾದರೂ ನಿಜವೇ ಎಂದು ಕೇಳಿದೆ. ನನ್ನ ದಾಳ ಸದಾ ಕೆಳಗೆ ಬೀಳುತ್ತಿತ್ತು, ಪುಸ್ತಕದಲ್ಲಿದೆ ಎಂದು ತಮ್ಮ ಪ್ರತಿ ಸಲವೂ ಮತ್ತೆ ಎಸೆಯಲು ಬಿಡುತ್ತಿದ್ದ. ಬಿದ್ದರೆ ಆ ಎಸೆತ ಹೋದಂತೆಯೇ, ಮತ್ತೆ ಎಸೆಯುವಂತಿಲ್ಲ ಎಂದರು. ಅದನ್ನೂ ತಮ್ಮನೇ ಹುಟ್ಟಿಸಿದ್ದ, ನನಗಾಗಿ.

ಅವನು ಮತ್ತೆ ಕುಂಚ ಮುಟ್ಟಲಿಲ್ಲ. ಡಿಗ್ರಿ ಮುಗಿಸಿದ, ಕೆಲಸ ಸಿಕ್ಕಿತು, ಮದುವೆಯಾಗಿ ಪೋರೂರಿನಲ್ಲಿ ಮನೆ ಮಾಡಿದ. ಕೆಲವು ವರ್ಷಗಳ ನಂತರ ಅಮ್ಮ ಊರಿನಿಂದ ಬಂದಾಗ ನನ್ನನ್ನು ಮಧ್ಯಾಹ್ನದ ಊಟಕ್ಕೆ ಕರೆದ. ಅವನು ಬಾಗಿದ ಬೆರಳುಗಳಲ್ಲಿ ಅನ್ನ ಕಲಸುತ್ತಿದ್ದ. ಸಾರು ಮಣಿಕಟ್ಟಿಗೆ ಇಳಿಯುತ್ತಿತ್ತು. ಅಮ್ಮ ಸೊಸೆಗೆ ಹೇಳತೊಡಗಿದಳು:

"ಹೋಟ್ಲಂಗೇ ಬೆಳ್ದ್ ಗಂಡಿಗೆ ಗ್ರೈಂಡರಿಗೆ ಕೈ ಹಾಕೂಕಾಗ ಅಂತ ಗೊತ್ತಿಲ್ಲೆ! ಬುದ್ಧಿ ಎಲ್ಲ್ ಇಟ್ಕಂಡಿದ್ನೋ. ಅಣ್ಣನ್ ಕಂಡಾರೂ ಕಲೀಲಿಲ್ಲ. ಕಾಣ್, ಅವ್ನ್ ಕೈಯಂಗೆ ಒಂದ್ ಗೀರ್ ಇತ್ತಾ?"

ತಮ್ಮ ನಕ್ಕು, "ದಡ್ಡ ಅಲ್ದಾ ನಾನ್" ಎಂದ. ನಾನು ತಲೆ ತಗ್ಗಿಸಿ ಉಂಡೆ.

ಬಸ್ಸಿಗೆ ಬಿಡಲು ಅವನೇ ಬಂದ. ನಿಲ್ದಾಣದಲ್ಲಿ ನನಗೆ ತಡೆಯಲಾಗಲಿಲ್ಲ.

"ಈಗ್ಳೇ ಹಿಂದೆ ಹೋಯಿ ಅಮ್ಮನ್ ಹತ್ರ ಹೇಳ್ತೆ. ಹೇಳ್ಲಾ?"

ಅವನು ರಸ್ತೆಯನ್ನೇ ನೋಡುತ್ತಿದ್ದ. "ಹೇಳುದಾರೆ ಹೇಳ್. ನನ್ನ್ ಕೇಂಬುದ್ ಬ್ಯಾಡ."

"ನಿಂಗೆ ಸಿಟ್ಟಿಲ್ಯಾ?"

"ಇತ್ತ್," ಎಂದ. "ಹೊಡ್ದದ್ದಕ್ಕಲ್ಲ. ಡಾಕ್ಟ್ರ ಎದ್ರಿಗೆ ನೀ ಮೊದ್ಲ್ ಬಾಯಿ ಬಿಟ್ಟದ್ದಕ್ಕೆ."

ಮನೆಗೆ ಹಿಂದಿರುಗಲು ಐದು ನಿಮಿಷದ ನಡಿಗೆ. ಅಮ್ಮ ಎಚ್ಚರವಾಗಿದ್ದಳು, ಬಾಗಿಲು ತೆರೆದೇ ಇತ್ತು. ಬಸ್ಸು ಬಂತು. ಸಂಜೆ ತಿಂಡಿಗೆ ಕಾವಲಿ ಕಾಯಿಸಬೇಕು ಎಂದೆ. ಅವನು ಸರಿ ಎಂದ. ನಾನು ಹತ್ತಿದೆ.

ಮರುವರ್ಷ ಅಮ್ಮ ತೀರಿಕೊಂಡಳು.