ಒಂದು ಸಾಲೂ ಕದ್ದಿರಲಿಲ್ಲ

ಎಂಬತ್ತರ ದಶಕದಲ್ಲಿ ಅಮೆರಿಕದ ಪಾಲೋ ಆಲ್ಟೋದ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನನ್ನ ಮ್ಯಾನೇಜರ್ ಆಗಿದ್ದವರು ಧಾರವಾಡದ ಕಡೆಯವರು. ಏನು ತೋರಿಸಿದರೂ ಕನ್ನಡಕವನ್ನು ಹಣೆಗೇರಿಸಿ, "ತಡಿ ತಮ್ಮಾ, ಇದು ಯಾರದು?" ಎಂದು ಕೇಳುತ್ತಿದ್ದರು. ಪಕ್ಕದ ಮೇಜಿನ ಪೆನ್ನು ಎತ್ತಿಕೊಂಡರೂ ಅದೇ ಪ್ರಶ್ನೆ.

ನಾನು ಸೇರಿದ ಹೊಸತರಲ್ಲಿ ನಮ್ಮ ಪ್ರೋಗ್ರಾಮು ತೀರಾ ನಿಧಾನವಾಗಿ ಓಡುತ್ತಿತ್ತು. ಅದನ್ನು ಚುರುಕುಗೊಳಿಸುವ ಉಪಾಯವೊಂದನ್ನು ನಾನು ಹಿಂದಿನ ಕಂಪನಿಯಲ್ಲಿ ಕಲಿತಿದ್ದೆ. ಆ ಕಂಪನಿಯ ಹೊರಗೆ ಅದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಎಲ್ಲವನ್ನೂ ಹೊಸದಾಗಿ ಬರೆದು ಅವರ ಬಳಿಗೆ ಒಯ್ದೆ.

"ಇದು ಯಾರದು?"

"ನಾನೇ ಬರ್ದಿದ್ದು ಸರ್. ಹಳೇ ಕಂಪನಿ ಕೋಡಿಂದ ಒಂದು ಸಾಲೂ ಕಾಪಿ ಮಾಡಿಲ್ಲ. ಐಡಿಯಾ ಮಾತ್ರ ಅವರ್ದು."

ಅವರು ಹಾಳೆಗಳನ್ನು ಓದದೆ ಮಗುಚಿಟ್ಟರು.

"ಅವರು ಬರದದ್ದನ್ನ ನಕಲು ಮಾಡಿದ್ರ ಅದು ಕಾಪಿರೈಟಿನ ತಪ್ಪು. ಅದನ್ನ ನೀ ಮಾಡಿಲ್ಲ, ಖರೆ. ಆದ್ರ ಅಲ್ಲಿ ಕೆಲಸಕ್ಕ ಸೇರುವಾಗ ಅಲ್ಲಿಂದು ಯಾರಿಗೂ ಹೇಳಂಗಿಲ್ಲಂತ ಸಹಿ ಮಾಡಿದ್ದಿ ಇಲ್ಲೋ?"

"ಮಾಡಿದ್ದೆ ಸರ್."

"ನಿನ್ನ ನಂಬಿ ಹೇಳ್ಯಾರ. ನಿನ್ನ ಮಾತಿನಾಗ ಬರದ್ರೂ ಅದು ಅವರ ಗುಟ್ಟ, ತಮ್ಮಾ."

ಹಾಳೆಗಳನ್ನು ಅವರೇ ಹರಿದು ಹಾಕಿದರು.

ಮರುದಿನದ ಮೀಟಿಂಗಿನಲ್ಲಿ ಮಾಲೀಕರು ಕೆಲಸ ತಡವಾದದ್ದೇಕೆಂದು ರೇಗಿದಾಗ, ಮ್ಯಾನೇಜರ್ ತಮ್ಮ ಅಂದಾಜೇ ತಪ್ಪಿತೆಂದು ಹೇಳಿದರು; ನನ್ನ ಹೆಸರೆತ್ತಲಿಲ್ಲ. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಇನ್ನೊಬ್ಬರಿಗೆ ಹೋಯಿತು. ನಾನು ಕ್ಷಮೆ ಕೇಳಲು ಹೋದರೆ ಮಾತು ಮುಗಿಸಗೊಡಲಿಲ್ಲ. ಪಕ್ಕಕ್ಕೆ ಕುರ್ಚಿ ಎಳೆದು, "ಕೂಡು, ನಮ್ಮ ತಲಿ ಓಡಸೋಣು," ಎನ್ನುತ್ತ ಖಾಲಿ ಹಾಳೆಯೊಂದನ್ನು ಇಬ್ಬರ ನಡುವೆ ಇಟ್ಟರು.